ಮೊಲೆವಾಲು ಎಂಬ ಮಾತು ಎಲ್ಲಿ ಹೋಯಿತು?

(ಆಗಸ್ಟ್ ಮೊದಲ ವಾರದಲ್ಲಿ ಪದವಿ ಕಾಲೇಜೊಂದರ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳನ್ನು ತಿದ್ದಿ, ಅಲ್ಲಲ್ಲಿ ವಿಸ್ತರಿಸಿ ಬರೆದದ್ದು.)

ಈ ಉಪನ್ಯಾಸಕ್ಕೆ ನಾನು ಬರೆದು ಕಳಿಸಿದ್ದ ಶೀರ್ಷಿಕೆ ‘ಮೊಲೆಹಾಲು: ಮನೆಯಲ್ಲಿ, ಬೀದಿಯಲ್ಲಿ, ಕಚೇರಿಯಲ್ಲಿ’ ಎಂದಿತ್ತು. ಸಂಚಾಲಕರು ಸಜ್ಜನರು, ಎರಡು ದಿನ ಬಿಟ್ಟು ಫೋನ್ ಮಾಡಿ, ‘ಮೇಡಂ, ಆಮಂತ್ರಣ ಪತ್ರಿಕೆ ಹುಡುಗರ ಕೈಗೂ ಹೋಗುತ್ತದೆ, ಸ್ತನ್ಯಪಾನ ಎಂದು ಹಾಕೋಣವೇ’ ಎಂದು ಸಂಕೋಚದಿಂದ ಕೇಳಿದರು. ಆಗಲಿ ಎಂದೆ. ಅಚ್ಚಾಗಿ ಬಂದ ಪತ್ರಿಕೆಯಲ್ಲಿ ನೋಡಿದರೆ ‘ತಾಯಿ ಮತ್ತು ಶಿಶುವಿನ ಪೋಷಣೆ’ ಎಂದಿದೆ. ಒಂದೇ ವಾರದಲ್ಲಿ ಕನ್ನಡದ ಮಾತು ಸಂಸ್ಕೃತವಾಗಿ, ಸಂಸ್ಕೃತದ ಮಾತು ಸರ್ಕಾರಿ ಇಲಾಖೆಯ ಭಾಷೆಯಾಗಿ ಕರಗಿಹೋಯಿತು. ನನಗೆ ಇದರಿಂದ ಬೇಸರವಾಗಲಿಲ್ಲ. ಮೂವತ್ತು ವರ್ಷ ಮಕ್ಕಳ ವೈದ್ಯೆಯಾಗಿ ಕೆಲಸ ಮಾಡಿರುವ ನಾನು ಈ ಸಂಕೋಚವನ್ನು ದಿನವೂ ನೋಡುತ್ತೇನೆ, ಮತ್ತು ಇವತ್ತು ಹೇಳಬೇಕೆಂದುಕೊಂಡಿದ್ದ ವಿಷಯವನ್ನು ಸಂಚಾಲಕರೇ ನನಗಿಂತ ಮೊದಲು ಹೇಳಿಬಿಟ್ಟಂತಾಯಿತು.

ಮೊದಲು ಆ ಮಾತಿನಿಂದಲೇ ಆರಂಭಿಸುತ್ತೇನೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು, ಕಾಯಬೇಕಾದದ್ದೇ ಕೊಲ್ಲಲು ನಿಂತರೆ ಯಾರಿಗೆ ದೂರುವುದು ಎಂದು ಕೇಳುವ ವಚನದಲ್ಲಿ, ಏರಿ ನೀರು ಕುಡಿಯುವುದು, ಬೇಲಿ ಹೊಲ ಮೇಯುವುದು ಇವುಗಳ ಸಾಲಿನ ಕೊನೆಗೆ ‘ತಾಯ ಮೊಲೆವಾಲು ನಂಜಾಗಿ ಕೊಲುವೊಡೆ’ ಎಂಬ ಮಾತನ್ನು ಇಡುತ್ತಾರೆ. ನಂಬಿಕೆಯ ಕಟ್ಟಕಡೆಯ ಉದಾಹರಣೆ ಎಂದು ಅವರಿಗೆ ತೋಚಿದ್ದು ಅದು. ಅದನ್ನು ಹೇಳಲು ಅವರಿಗೆ ಮರೆಯ ಮಾತು ಬೇಕಾಗಲಿಲ್ಲ. ಪುಣ್ಯಕೋಟಿಯ ಹಾಡಿನಲ್ಲಿ ಹುಲಿಯ ಬಾಯಿಗೆ ಹೊರಟ ತಾಯನ್ನು ಕರು ಕೇಳುವ ಪ್ರಶ್ನೆಗಳಲ್ಲಿ ಒಂದು ‘ಆರ ಮೊಲೆಯನು ಕುಡಿಯಲಮ್ಮ’ ಎಂಬುದು. ನಮ್ಮಲ್ಲಿ ಬಹುತೇಕರು ಆ ಸಾಲನ್ನು ಐದಾರನೆಯ ವಯಸ್ಸಿನಲ್ಲಿ, ತರಗತಿಯಲ್ಲಿ, ಗಂಟಲು ಬಿಟ್ಟು ಹಾಡಿದ್ದೇವೆ. ಎಳೆಯ ಮಗುವಿಗೆ ಕನ್ನಡದಲ್ಲಿ ಇದ್ದ ಹೆಸರೇ ಮೊಲೆಗೂಸು. ತಾಯಿ ಮಾಡುವ ಕೆಲಸಕ್ಕೆ ಮೊಲೆಯೂಡಿಸುವುದು, ಹಾಲೂಡಿಸುವುದು, ಮೊಲೆ ಕೊಡುವುದು ಎಂಬ ಕ್ರಿಯಾಪದಗಳಿದ್ದವು, ಮತ್ತು ಅವೆಲ್ಲವುಗಳಲ್ಲಿ ಕರ್ತೃವಿನ ಸ್ಥಾನದಲ್ಲಿ ತಾಯಿಯೇ ಇದ್ದಳು.

ಈಗ ಆಸ್ಪತ್ರೆಯ ಗೋಡೆಗಳ ಮೇಲೆ ಇರುವ ಮಾತು ‘ಸ್ತನ್ಯಪಾನ’. ವ್ಯಾಕರಣವನ್ನು ಸ್ವಲ್ಪ ಗಮನಿಸಿ: ಪಾನ ಎಂದರೆ ಕುಡಿಯುವುದು, ಹಾಗಾಗಿ ಸ್ತನ್ಯಪಾನ ಮಾಡುವುದು ಮಗು. ತಾಯಿಯನ್ನು ಆ ವಾಕ್ಯದೊಳಗೆ ತರಬೇಕಾದರೆ ‘ಮಾಡಿಸು’ ಎಂಬ ಬಾಲವನ್ನು ಅಂಟಿಸಬೇಕು. ಆಡುಮಾತಿನಲ್ಲಿ ನಾವು ‘ಎದೆಹಾಲು’ ಎನ್ನುತ್ತೇವೆ; ಎದೆ ಗಂಡಸಿಗೂ ಇರುವುದರಿಂದ ಅದು ಯಾರಿಗೂ ಮುಜುಗರ ತರುವುದಿಲ್ಲ. ಪೇಟೆಯ ಹೆಣ್ಣುಮಕ್ಕಳು ‘ಫೀಡ್ ಮಾಡಬೇಕು’ ಎನ್ನುತ್ತಾರೆ. ಇಂಗ್ಲಿಷಿಗೆ ಮೈಯಿಲ್ಲ ಎಂಬ ಧೈರ್ಯ ಅದರಲ್ಲಿದೆ. ‘ಮೊಲೆ’ ಎಂಬ ಮಾತು ಮಾತ್ರ ಬೈಗುಳದ, ಪೋಲಿ ಜೋಕಿನ ಪಾಲಾಗಿದೆ. ನನ್ನ ಬಳಿ ಬರುವ ಬಾಣಂತಿಯರು ತಮ್ಮ ನೋವನ್ನು ಹೇಳುವಾಗ ‘ಇಲ್ಲಿ’ ಎಂದು ತೋರಿಸುತ್ತಾರೆಯೇ ಹೊರತು ಹೆಸರು ಹೇಳುವುದಿಲ್ಲ. ತೊಟ್ಟು ಒಡೆದು ರಕ್ತ ಬರುತ್ತಿರುವುದನ್ನು ಹದಿನೈದು ದಿನ ಯಾರಿಗೂ ಹೇಳದೆ, ಕೊನೆಗೆ ಜ್ವರ ಬಂದ ಮೇಲೆ ಬಂದವರಿದ್ದಾರೆ. ಹೆಸರಿಲ್ಲದ ಅಂಗದ ನೋವನ್ನು ಗಂಡನಿಗೂ ಅತ್ತೆಗೂ ವಿವರಿಸುವುದು ಸುಲಭವಲ್ಲ.

ತಾಯಿಯ ಎದೆಹಾಲನ್ನು ನಾವು ಸಾರ್ವಜನಿಕವಾಗಿ, ಎದೆ ತಟ್ಟಿ ಉಚ್ಚರಿಸುವ ಸಂದರ್ಭವೊಂದು ಇನ್ನೂ ಉಳಿದಿದೆ. ಅದು ಗಂಡಸರ ಜಗಳ. ‘ನಿಮ್ಮಮ್ಮನ ಎದೆಹಾಲು ಕುಡಿದಿದ್ದರೆ ಬಾರೋ’ ಎಂದು ಊರ ಜಾತ್ರೆಯಲ್ಲೂ ಸಿನಿಮಾ ಪರದೆಯ ಮೇಲೂ ಕೂಗುವವರಿಗೆ ಯಾವ ಸಂಕೋಚವೂ ಇಲ್ಲ.

ಇದರ ಜೊತೆಗೇ ನಾವು ಹಾಲನ್ನು ಪೂಜಿಸುವ ಜನ. ಹೊಸ ಮನೆಗೆ ಹೋದರೆ ಹಾಲು ಉಕ್ಕಿಸುತ್ತೇವೆ, ನಾಗರ ಪಂಚಮಿಗೆ ಹುತ್ತಕ್ಕೆ ಹಾಲೆರೆಯುತ್ತೇವೆ, ಸತ್ತವರಿಗೆ ಮೂರನೆಯ ದಿನ ಹಾಲು-ತುಪ್ಪ ಬಿಡುತ್ತೇವೆ, ನೆಚ್ಚಿನ ನಟನ ಚಿತ್ರ ಬಿಡುಗಡೆಯಾದರೆ ಕಟೌಟಿನ ತಲೆಯ ಮೇಲೂ ಸುರಿಯುತ್ತೇವೆ. ಆದರೆ ಇವೆಲ್ಲ ಹಸುವಿನ, ಎಮ್ಮೆಯ ಹಾಲು. ಮನುಷ್ಯಳ ಹಾಲಿನ ವಿಷಯದಲ್ಲಿ ನಮ್ಮ ನಡವಳಿಕೆ ಬೇರೆ, ಮತ್ತು ಅದನ್ನು ತೋರಿಸಲು ಗಿಣ್ಣಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಹಸು ಕರು ಹಾಕಿದರೆ ಮೊದಲ ದಿನಗಳ ದಪ್ಪ ಹಾಲನ್ನು ಕರೆದು, ಬೆಲ್ಲ ಏಲಕ್ಕಿ ಹಾಕಿ ಗಿಣ್ಣು ಮಾಡಿ, ನೆರೆಮನೆಗೆಲ್ಲ ಹಂಚಿ ಬಾಯಿ ಚಪ್ಪರಿಸುತ್ತೇವೆ. ಅದು ಶಕ್ತಿ ಕೊಡುತ್ತದೆ ಎನ್ನುತ್ತೇವೆ. ಅದೇ ಮನೆಯಲ್ಲಿ ಸೊಸೆ ಹೆತ್ತಾಗ, ಅವಳ ಮೊದಲ ದಿನಗಳ ಹಳದಿ ಬಣ್ಣದ ದಪ್ಪ ಹಾಲನ್ನು ‘ಕೆಟ್ಟ ಹಾಲು, ಮಗುವಿಗೆ ಅರಗುವುದಿಲ್ಲ’ ಎಂದು ಹಿಂಡಿ ಚೆಲ್ಲಿಸುತ್ತಿದ್ದರು. ರೋಗನಿರೋಧಕ ವಸ್ತುಗಳಿಂದ ತುಂಬಿದ, ಮಗುವಿನ ಕರುಳಿಗೆ ಮೊದಲ ಲೇಪನದಂತೆ ಕೆಲಸ ಮಾಡುವ ಹಾಲು ಅದು. ಅದರ ಬದಲಿಗೆ ಮಗುವಿನ ನಾಲಗೆಗೆ ಜೇನುತುಪ್ಪ, ಸಕ್ಕರೆ ನೀರು, ಬಜೆ ತೇಯ್ದ ನೀರು ತಾಗುತ್ತಿದ್ದವು. ಕತ್ತೆಯನ್ನು ಹೊಡೆದುಕೊಂಡು ಬೀದಿ ಬೀದಿ ಅಲೆದು, ಚಮಚದ ಲೆಕ್ಕದಲ್ಲಿ ಕತ್ತೆ ಹಾಲು ಮಾರುವವರನ್ನು ಬೆಂಗಳೂರಿನಲ್ಲೂ ಉತ್ತರ ಕರ್ನಾಟಕದ ಊರುಗಳಲ್ಲೂ ಇವತ್ತಿಗೂ ಕಾಣಬಹುದು. ಆ ಒಂದು ಚಮಚಕ್ಕೆ ದುಡ್ಡು ಕೊಡುವ ಮನೆಯಲ್ಲಿ ತಾಯಿಯ ಹಾಲಿನ ಬಗ್ಗೆ ಅನುಮಾನವಿರುತ್ತದೆ ಎಂಬುದು ನನ್ನ ಅನುಭವ.

ಹಾಗೆಂದು ಅಜ್ಜಿಯರನ್ನು ದೂರಿ ಕೈತೊಳೆದುಕೊಳ್ಳುವಂತಿಲ್ಲ. 2019ರಿಂದ 21ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಶೇ 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತವೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಸಿಗುವುದು ಶೇ 41.8ರಷ್ಟು ಮಕ್ಕಳಿಗೆ ಮಾತ್ರ. ಅಂದರೆ ಅಜ್ಜಿ ಬಾಗಿಲ ಹೊರಗೆ ನಿಂತಿದ್ದಾಗ, ಒಳಗೆ ನಾವು ವೈದ್ಯರು ಮತ್ತು ದಾದಿಯರು ಇದ್ದಾಗಲೇ ಆ ಒಂದು ಗಂಟೆ ಕಳೆದುಹೋಗುತ್ತಿದೆ. ಕರ್ನಾಟಕದಲ್ಲಿ ಹೆರಿಗೆಗಳ ಪೈಕಿ ಶೇ 31.5ರಷ್ಟು ಸಿಸೇರಿಯನ್ ಎಂದು ಅದೇ ಸಮೀಕ್ಷೆ ಹೇಳುತ್ತದೆ. ಹೊಲಿಗೆ ಹಾಕುವ ಮೇಜಿನ ಮೇಲೆ ತಾಯಿ, ಬೇರೆ ಕೋಣೆಯಲ್ಲಿ ತೂಕ ನೋಡಿಸಿಕೊಳ್ಳುತ್ತಿರುವ ಮಗು, ಎರಡರ ನಡುವೆ ಓಡಾಡಲು ಒಬ್ಬಳೇ ಸಿಸ್ಟರ್. ನಮ್ಮ ‘ದಾದಿ’ ಎಂಬ ಹಳೆಯ ಮಾತಿಗೆ ಹಾಲೂಡಿಸಿ ಸಾಕುವವಳು ಎಂಬ ಅರ್ಥವಿತ್ತು. ಈಗಿನ ದಾದಿಗೆ ರಿಜಿಸ್ಟರ್ ತುಂಬಿಸಿ ಮುಗಿಸುವುದರೊಳಗೆ ಪಾಳಿ ಮುಗಿದಿರುತ್ತದೆ.

ಇನ್ನು ಬಾಣಂತನದ ವಿಷಯ. ಅದನ್ನು ಹೊಗಳುವವರೂ ತೆಗಳುವವರೂ ಇಬ್ಬರೂ ಆತುರಪಡುತ್ತಾರೆ ಎಂದು ನನಗನ್ನಿಸುತ್ತದೆ. ತವರಿನ ಕತ್ತಲೆ ಕೋಣೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ನೀರು ಕುಡಿಯಬಾರದೆಂಬ ಕಟ್ಟಳೆ, ಹೊಗೆ, ಇವೆಲ್ಲವನ್ನೂ ನಾನು ಟೀಕಿಸಿದ್ದೇನೆ, ಈಗಲೂ ಟೀಕಿಸುತ್ತೇನೆ. ನೀರಿಲ್ಲದೆ ಸೊರಗಿದ ಬಾಣಂತಿಯರನ್ನು ಕಂಡವರಿಗೆ ಅದರ ಬಗ್ಗೆ ಮೋಹ ಉಳಿಯುವುದಿಲ್ಲ. ಆದರೆ ಆ ವ್ಯವಸ್ಥೆಯ ಒಳಗೆ ಒಂದು ತಿಳಿವಳಿಕೆಯಿತ್ತು: ಹಾಲೂಡಿಸುವುದು ಒಂದು ಪೂರ್ಣಾವಧಿಯ ಕೆಲಸ, ಆ ಕೆಲಸ ಮಾಡುವವಳಿಗೆ ಬೇರೆ ಕೆಲಸ ಇರಬಾರದು, ಅವಳ ಹೊಟ್ಟೆ ನೋಡಿಕೊಳ್ಳಲು ಇನ್ನೊಬ್ಬರು ಇರಬೇಕು. ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿ, ಕೊಬ್ಬರಿ, ಬಾಣಂತಿ ಖಾರ, ಉತ್ತರ ಕರ್ನಾಟಕದ ಅಂಟಿನುಂಡಿ, ಅಳವಿ ಪಾಯಸ ಇವುಗಳಲ್ಲಿ ಯಾವುದು ಎಷ್ಟು ಹಾಲು ಹೆಚ್ಚಿಸುತ್ತದೆ ಎಂದು ವಿದ್ಯಾರ್ಥಿಗಳು ನನ್ನನ್ನು ಕೇಳುತ್ತಾರೆ. ಹಾಲು ಹೆಚ್ಚಿಸುವುದು ಮುಖ್ಯವಾಗಿ ಮಗುವಿನ ಬಾಯಿ. ಮಗು ಚೀಪಿದಷ್ಟೂ ಮಿದುಳಿನಿಂದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಬರುತ್ತದೆ, ಹಾಲು ತಯಾರಾಗುತ್ತದೆ. ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನು ಬಂದಾಗ ಆ ಹಾಲು ಇಳಿಯುತ್ತದೆ. ಹೆದರಿಕೆ, ನೋವು, ಅವಮಾನ ಇದ್ದಾಗ ಈ ಇಳಿಯುವ ಕೆಲಸ ತಡೆಯುತ್ತದೆ. ತಾಯಿಯ ಪಕ್ಕದಲ್ಲಿ ಕೂತು, ಅಂಟಿನುಂಡಿಯನ್ನು ಅವಳ ಕೈಗೆ ಕೊಟ್ಟು, ‘ತಿನ್ನು ಮಗಳೆ, ಹಾಲು ಬರುತ್ತದೆ’ ಎಂದು ಹೇಳುವ ಒಬ್ಬ ಹೆಂಗಸು ಮಾಡುತ್ತಿದ್ದ ಕೆಲಸವನ್ನು ಶರೀರಶಾಸ್ತ್ರದ ಭಾಷೆಯಲ್ಲಿಯೂ ವಿವರಿಸಬಹುದು.

ಇದೇ ಕೋಣೆಯಲ್ಲಿ ಇನ್ನೊಂದು ಮಾತು ಹುಟ್ಟುತ್ತದೆ: ‘ಇವಳಿಗೆ ಹಾಲು ಸಾಲುವುದಿಲ್ಲ.’ ಮಗು ಅತ್ತರೆ ಹಾಲು ಸಾಲದು, ಮಗು ನಿದ್ದೆ ಮಾಡದಿದ್ದರೆ ಹಾಲು ಸಾಲದು, ಪಕ್ಕದ ಮನೆಯ ಮಗು ದುಂಡಗಿದ್ದರೂ ಇವಳಿಗೇ ಹಾಲು ಸಾಲದು. ನೋಡಲು ಬಂದ ನಾಲ್ಕು ಜನರಲ್ಲಿ ಒಬ್ಬರಾದರೂ ಇದನ್ನು ಹೇಳಿಯೇ ಹೋಗುತ್ತಾರೆ. ನಿಜವಾಗಿಯೂ ಹಾಲು ಕಡಿಮೆ ಇರುವ ತಾಯಂದಿರು ಇದ್ದಾರೆ, ಆದರೆ ಅವರ ಸಂಖ್ಯೆ ಈ ಮಾತನ್ನು ಕೇಳಿಸಿಕೊಂಡವರ ಸಂಖ್ಯೆಗಿಂತ ತುಂಬ ಕಡಿಮೆ. ಮಾತು ಕಿವಿಗೆ ಬಿದ್ದ ದಿನ ಸಂಜೆ ಒಳಲೆಯಲ್ಲಿಯೋ ಬಾಟಲಿಯಲ್ಲಿಯೋ ಮೇಲುಹಾಲು ಶುರುವಾಗುತ್ತದೆ; ಹೊಟ್ಟೆ ತುಂಬಿದ ಮಗು ಮೊಲೆ ಚೀಪುವುದು ಕಡಿಮೆಯಾಗುತ್ತದೆ; ಚೀಪುವುದು ಕಡಿಮೆಯಾದ್ದರಿಂದ ಹಾಲು ಇಳಿಮುಖವಾಗುತ್ತದೆ; ಹದಿನೈದು ದಿನಗಳಲ್ಲಿ ಆ ಮಾತು ನಿಜವಾಗಿಬಿಡುತ್ತದೆ. ಆಡಿದವರು ‘ನಾನು ಅವತ್ತೇ ಹೇಳಿದ್ದೆ’ ಎನ್ನುತ್ತಾರೆ.

ಬಾಣಂತನದ ಕಟ್ಟಳೆಗಳು ಸರ್ಕಾರದ ಒಳ್ಳೆಯ ಯೋಜನೆಗೂ ಅಡ್ಡ ಬಂದದ್ದುಂಟು. 2017ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಆರಂಭವಾಯಿತು; ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನ ಬಿಸಿಯೂಟ. ಯೋಜನೆ ಸರಿಯಾದುದೇ. ಆದರೆ ಹೊಸಿಲು ದಾಟಬಾರದ ಬಾಣಂತಿ, ಹಸುಗೂಸನ್ನು ಎತ್ತಿಕೊಂಡು, ಬಿಸಿಲಿನಲ್ಲಿ, ದೃಷ್ಟಿಯ ಭಯದಲ್ಲಿ, ಬೇರೆ ಕೇರಿಯ ಅಂಗನವಾಡಿಗೆ ಹೋಗಿ ಕೂತು ಉಣ್ಣಬೇಕಿತ್ತು. ಎಷ್ಟೋ ಮನೆಗಳು ಕಳಿಸಲಿಲ್ಲ. ಆಹಾರವನ್ನು ಲೆಕ್ಕ ಹಾಕಿದವರು ಹೊಸಿಲನ್ನು ಲೆಕ್ಕ ಹಾಕಿರಲಿಲ್ಲ.

ಈಗ ಡಬ್ಬದ ಕಥೆಗೆ ಬರೋಣ. ‘ಗ್ಲಾಕ್ಸೋ ಬೇಬಿ’, ‘ಅಮುಲ್ ಬೇಬಿ’ ಎಂಬ ಹೊಗಳಿಕೆಯನ್ನು ಕೇಳದ ಮನೆ ನಮ್ಮಲ್ಲಿ ಕಡಿಮೆ. ಔಷಧಿ ಕಂಪನಿ ಎಂದು ನೀವು ತಿಳಿದಿರುವ ಗ್ಲಾಕ್ಸೋ ತನ್ನ ಬದುಕನ್ನು ಆರಂಭಿಸಿದ್ದು ಮಕ್ಕಳ ಹಾಲಿನ ಪುಡಿಯಿಂದ. ನಮ್ಮ ದೇಶ ಇಂತಹ ಪುಡಿಯನ್ನು ವಿದೇಶದಿಂದ ತರಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಎಮ್ಮೆಯ ಹಾಲಿನಿಂದಲೇ ಶಿಶು ಆಹಾರ ತಯಾರಿಸುವ ವಿಧಾನವನ್ನು ರೂಪಿಸಿದವರು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು; ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಮಾರಿದ್ದು ಗುಜರಾತಿನ ಅಮುಲ್. ಆ ಸಂಶೋಧನಾಲಯ ಇರುವುದು ಚೆಲುವಾಂಬ ಮ್ಯಾನ್ಷನ್‌ನಲ್ಲಿ. ಅದೇ ಊರಿನಲ್ಲಿ ಹೆಂಗಸರು ಮಕ್ಕಳ ದೊಡ್ಡಾಸ್ಪತ್ರೆಯ ಹೆಸರೂ ಚೆಲುವಾಂಬ. ನಾನು ಇದನ್ನು ಅಪಹಾಸ್ಯಕ್ಕೆ ಹೇಳುತ್ತಿಲ್ಲ. ತಾಯಿ ಸತ್ತ ಮಗುವಿಗೆ, ತಾಯಿ ಕಾಯಿಲೆಯಿಂದ ಮಲಗಿದ ಮಗುವಿಗೆ ಆ ಡಬ್ಬ ಜೀವ ಉಳಿಸಿದೆ, ಮತ್ತು ಆ ವಿಜ್ಞಾನಿಗಳು ವಿದೇಶಿ ವಿನಿಮಯ ಉಳಿಸಿದ ಹೆಮ್ಮೆಯೂ ನ್ಯಾಯವಾದುದೇ. ತೊಂದರೆ ಆರಂಭವಾದದ್ದು ಅಗತ್ಯಕ್ಕೆಂದು ಬಂದದ್ದು ಅಂತಸ್ತಿನ ಗುರುತಾದಾಗ. ಅಡುಗೆಮನೆಯ ಅಟ್ಟದಲ್ಲಿ ಸಾಲಾಗಿ ಜೋಡಿಸಿಟ್ಟ ಖಾಲಿ ಡಬ್ಬಗಳಲ್ಲಿ ಬೇಳೆ, ಸಾಸಿವೆ ತುಂಬಿಟ್ಟ ಮನೆ ಅನುಕೂಲಸ್ಥರ ಮನೆ ಎಂದು ನನ್ನ ಬಾಲ್ಯದಲ್ಲಿ ತಿಳಿಯುತ್ತಿದ್ದೆವು. ಡಬ್ಬದ ಮೇಲಿನ ಕೆಂಪು ಕೆನ್ನೆಯ ಮಗುವನ್ನು ನೋಡಿ, ಕೂಲಿಗೆ ಹೋಗುವ ತಾಯಿಯೂ ಅರ್ಧ ಚಮಚ ಪುಡಿಗೆ ಒಂದು ಲೋಟ ನೀರು ಬೆರೆಸಿ ಕುಡಿಸಿದಳು. ನೀರು ಕೆರೆಯದು. ವಾಂತಿಭೇದಿಯ ವಾರ್ಡಿನಲ್ಲಿ ಆ ಮಕ್ಕಳನ್ನು ನಾವು ಎದುರುಗೊಂಡೆವು.

ಇದೇ ಕಥೆ ಆಫ್ರಿಕಾದಲ್ಲಿ, ಲ್ಯಾಟಿನ್ ಅಮೆರಿಕದಲ್ಲಿ ಇನ್ನೂ ದೊಡ್ಡದಾಗಿ ನಡೆಯಿತು. 1977ರಲ್ಲಿ ನೆಸ್ಲೆ ಕಂಪನಿಯ ಉತ್ಪನ್ನಗಳ ಬಹಿಷ್ಕಾರ ಆರಂಭವಾದದ್ದು ಅದರಿಂದ. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ತಾಯಿಹಾಲಿನ ಬದಲಿ ಆಹಾರಗಳ ಮಾರಾಟಕ್ಕೆ ಸಂಹಿತೆಯೊಂದನ್ನು ಒಪ್ಪಿತು. 118 ದೇಶಗಳು ಪರವಾಗಿ, ಅಮೆರಿಕ ಒಂದೇ ವಿರುದ್ಧವಾಗಿ ಮತ ಹಾಕಿದವು. ಭಾರತ 1992ರಲ್ಲಿ ಕಾನೂನು ಮಾಡಿತು, 2003ರಲ್ಲಿ ಅದನ್ನು ಬಿಗಿಗೊಳಿಸಿತು. ಇವತ್ತು ಶಿಶು ಹಾಲಿನ ಪುಡಿಗೆ, ಹಾಲುಣಿಸುವ ಬಾಟಲಿಗೆ ಜಾಹೀರಾತು ಕೊಡುವಂತಿಲ್ಲ, ಡಬ್ಬದ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ, ತಾಯಂದಿರಿಗೆ ಉಚಿತ ಮಾದರಿ ಹಂಚುವಂತಿಲ್ಲ. ಜಗತ್ತಿನ ಬಿಗಿಯಾದ ಕಾನೂನುಗಳಲ್ಲಿ ಇದೂ ಒಂದು. ಮಗುವಿನ ಚಿತ್ರ ಡಬ್ಬದಿಂದ ಹೋಗಿ ಮೂರು ದಶಕವಾದರೂ ‘ಅಮುಲ್ ಬೇಬಿ’ ಮಾತ್ರ ನಮ್ಮ ನಾಲಗೆಯಿಂದ ಹೋಗಿಲ್ಲ.

ಇಷ್ಟು ಹೊತ್ತು ಮನೆಯೊಳಗಿನ ಮಾತಾಯಿತು. ಬೀದಿಗೆ ಬಂದರೆ ಚಿತ್ರ ಬೇರೆ. ‘ಹಿಂದೆ ಹೆಂಗಸರು ಜಗಲಿಯ ಮೇಲೆ ಕೂತು ಎಲ್ಲರೆದುರು ಮಗುವಿಗೆ ಹಾಲು ಕೊಡುತ್ತಿದ್ದರು, ಯಾರೂ ನೋಡುತ್ತಿರಲಿಲ್ಲ’ ಎಂದು ಹಿರಿಯರು ಹೇಳುತ್ತಾರೆ. ಇದು ಅರ್ಧ ಸತ್ಯ. ಹಾಗೆ ಕೂತಿದ್ದವರು ಯಾರು ಎಂದು ಕೇಳಬೇಕು. ಗದ್ದೆಯ ಬದುವಿನಲ್ಲಿ ಮರಕ್ಕೆ ಜೋಲಿ ಕಟ್ಟಿ, ನಾಟಿಯ ನಡುವೆ ಬಂದು ಮಗುವಿಗೆ ಹಾಲೂಡಿಸಿ ಹೋಗುತ್ತಿದ್ದವರು ದುಡಿಯುವ ಜಾತಿಗಳ ಹೆಂಗಸರು. ಮೇಲುಜಾತಿಯ ಮನೆಗಳಲ್ಲಿ ಬಾಣಂತಿ ನಡುಮನೆಗೂ ಬರುತ್ತಿರಲಿಲ್ಲ. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗ ಹೆಂಗಸರು ರವಿಕೆಯಿಲ್ಲದೆ ಸೀರೆಯುಟ್ಟು, ಕೊರಳ ತುಂಬ ಮಣಿಸರ ತೊಟ್ಟು ಬದುಕಿದವರು. 2021ರಲ್ಲಿ ತುಳಸಿ ಗೌಡರು ಅದೇ ಉಡುಪಿನಲ್ಲಿ, ಬರಿಗಾಲಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆದದ್ದನ್ನು ದೇಶವೇ ನೋಡಿತು. ಮೈಯ ಬಗೆಗಿನ ನಾಚಿಕೆ ನಮ್ಮಲ್ಲಿ ಎಲ್ಲರಿಗೂ ಒಂದೇ ಸಮನಾಗಿ ಇರಲಿಲ್ಲ. ಶಾಲೆಗೆ ಹೋಗಿ, ಸಂಬಳ ಪಡೆದು, ಊರಿನಿಂದ ಪೇಟೆಗೆ ಬಂದ ಕುಟುಂಬಗಳು ಮೇಲಿನವರ ಒಳಕೋಣೆಯನ್ನು ಮರ್ಯಾದೆ ಎಂದು ತಮ್ಮದಾಗಿಸಿಕೊಂಡವು. ಹಾಗಾಗಿಯೇ ಇವತ್ತು ಕೆಂಪು ಬಸ್ಸಿನಲ್ಲಿ, ಸಂತೆಯಲ್ಲಿ, ಕಟ್ಟಡ ಕೆಲಸದ ಮರಳ ಗುಡ್ಡೆಯ ಮೇಲೆ ತಾಯಿ ಸೆರಗು ಹೊದ್ದು ಹಾಲೂಡಿಸುವುದನ್ನು ಕಾಣುತ್ತೇವೆ, ಹವಾನಿಯಂತ್ರಿತ ಮಾಲಿನಲ್ಲಿ ಕಾಣುವುದಿಲ್ಲ.

ಉಡುಪಿನ ಪಾತ್ರವನ್ನೂ ಯಾರೂ ಹೇಳುವುದಿಲ್ಲ. ಹೇಳಿದರೆ ಸಣ್ಣ ವಿಷಯ ಎನ್ನುತ್ತಾರೆ. ಮುಂದೆ ಕೊಕ್ಕೆಯಿರುವ ರವಿಕೆ, ಉತ್ತರ ಕರ್ನಾಟಕದಲ್ಲಾದರೆ ಮುಂದೆ ಗಂಟು ಹಾಕುವ ಖಣದ ಕುಪ್ಪಸ, ಅದರ ಮೇಲೆ ಸೆರಗು: ಒಂದು ಕೈಯಲ್ಲಿ ಮಗುವನ್ನು ಹಿಡಿದು ಇನ್ನೊಂದು ಕೈಯಲ್ಲಿ ಬಿಚ್ಚಿ, ಮುಚ್ಚಿ, ಹಾಲೂಡಿಸಲು ಹೇಳಿ ಮಾಡಿಸಿದ ಉಡುಪು ಅದು. ಚೂಡಿದಾರಕ್ಕೆ ಮುಂದೆ ಬಾಯಿಯಿಲ್ಲ. ಕೆಳಗಿನಿಂದ ಎತ್ತಬೇಕು, ಎತ್ತಿದರೆ ಹೊಟ್ಟೆಯೆಲ್ಲ ಕಾಣುತ್ತದೆ. ಆದ್ದರಿಂದ ಮುಂದೆ ಜಿಪ್ ಇರುವ ನೈಟಿ ಬಾಣಂತಿಯ ಸಮವಸ್ತ್ರವಾಯಿತು, ಮತ್ತು ನೈಟಿಯಲ್ಲಿ ಹೊರಗೆ ಹೋಗುವಂತಿಲ್ಲವಾದ್ದರಿಂದ ಅವಳು ಮನೆಯಲ್ಲಿಯೇ ಉಳಿದಳು. ಓದುವ, ದುಡಿಯುವ ಹೆಣ್ಣಿಗೆಂದು ಬಟ್ಟೆ ಹೊಲಿದವರು ಅವಳಿಗೆ ಒಂದು ದಿನ ಹಾಲೂ ಇಳಿಯಬಹುದು ಎಂದು ಊಹಿಸಿರಲಿಲ್ಲ.

ನೋಡುವ ಕಣ್ಣಿನ ಬಗ್ಗೆ ನೆರೆಯ ಕೇರಳದಲ್ಲಿ 2018ರಲ್ಲಿ ದೊಡ್ಡ ಚರ್ಚೆಯಾಯಿತು. ‘ಗೃಹಲಕ್ಷ್ಮಿ’ ಎಂಬ ಮಲಯಾಳಂ ಪತ್ರಿಕೆ, ಮಗುವನ್ನು ಎದೆಗಿಟ್ಟುಕೊಂಡ ಹೆಣ್ಣೊಬ್ಬಳ ಚಿತ್ರವನ್ನು ಮುಖಪುಟದಲ್ಲಿ ಹಾಕಿ, ದಿಟ್ಟಿಸಿ ನೋಡಬೇಡಿ, ನಮಗೆ ಹಾಲೂಡಿಸಬೇಕಾಗಿದೆ ಎಂಬ ಅರ್ಥದ ಮಾತನ್ನು ತಾಯಂದಿರ ಬಾಯಲ್ಲಿ ಹೇಳಿಸಿತು. ಮೊಕದ್ದಮೆ ಹೂಡಲಾಯಿತು. ಎಷ್ಟೇ ಪ್ರಯತ್ನಪಟ್ಟರೂ ಈ ಚಿತ್ರದಲ್ಲಿ ನಮಗೆ ಅಶ್ಲೀಲ ಕಾಣುತ್ತಿಲ್ಲ ಎಂದು ಕೇರಳ ಹೈಕೋರ್ಟ್ ಹೇಳಿತು. ಆ ರೂಪದರ್ಶಿ ಮಗುವಿನ ತಾಯಿಯಲ್ಲ, ಮದುವೆಯೂ ಆಗಿಲ್ಲ ಎಂಬ ಟೀಕೆಯೂ ಬಂತು, ಮತ್ತು ಆ ಟೀಕೆಯಲ್ಲಿ ಸ್ವಲ್ಪ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ನಿಜವಾದ ಬಾಣಂತಿಯ ಮುಖದಲ್ಲಿ ನಿದ್ದೆಗೇಡು ಇರುತ್ತದೆ, ರವಿಕೆಯ ಮೇಲೆ ಹಾಲಿನ ಕಲೆ ಇರುತ್ತದೆ. ಅದು ಮುಖಪುಟಕ್ಕೆ ಬರಲಿಲ್ಲ.

ನನಗೆ ಹೆಚ್ಚು ಮುಖ್ಯವೆನಿಸುವುದು ನಮ್ಮದೇ ಹೈಕೋರ್ಟಿನ 2021ರ ತೀರ್ಪು. 2020ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಿಂದ ನವಜಾತ ಶಿಶುವನ್ನು ಕದ್ದು ಮಾರಲಾಗಿತ್ತು. ಒಂದು ವರ್ಷದ ನಂತರ ಪತ್ತೆಯಾದಾಗ, ಸಾಕಿದ ತಾಯಿ ಮಗುವನ್ನು ತನಗೇ ಉಳಿಸಿಕೊಡಬೇಕೆಂದು ಕೇಳಿದಳು. ಅವಳ ಪರವಾಗಿ ದೇವಕಿ-ಯಶೋದೆಯರ ಪ್ರಸಂಗವೂ ನ್ಯಾಯಾಲಯದಲ್ಲಿ ಪ್ರಸ್ತಾಪವಾಯಿತು. ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅದನ್ನು ಒಪ್ಪಲಿಲ್ಲ. ಹಾಲೂಡಿಸುವುದು ತಾಯಿಯ ಕಸಿಯಲಾಗದ ಹಕ್ಕು, ಕುಡಿಯುವುದು ಮಗುವಿನ ಹಕ್ಕು, ಎರಡೂ ಒಂದರೊಳಗೊಂದು ಬೆರೆತಿವೆ, ಸಂವಿಧಾನದ 21ನೇ ವಿಧಿ ಅವುಗಳನ್ನು ಕಾಯುತ್ತದೆ ಎಂದರು. ಕೊನೆಗೆ ಸಾಕಿದವಳು ಮಗುವನ್ನು ಹೆತ್ತವಳ ಕೈಗೆ ಕೊಟ್ಟಳು. ಹೆತ್ತವಳು, ನಿನಗೆ ನೋಡಬೇಕೆನಿಸಿದಾಗಲೆಲ್ಲ ಬಂದು ನೋಡು ಎಂದಳು. ಇಬ್ಬರೂ ಬೇರೆ ಬೇರೆ ಧರ್ಮದವರು. ನಾವು ಈವರೆಗೆ ಹಾಲೂಡಿಸುವುದನ್ನು ತಾಯಿಯ ಕರ್ತವ್ಯವೆಂದೇ ಬೋಧಿಸುತ್ತಾ ಬಂದಿದ್ದೇವೆ. ಹಕ್ಕು ಎಂದೊಡನೆ ಇನ್ನೊಂದು ಪ್ರಶ್ನೆ ಏಳುತ್ತದೆ: ಆ ಹಕ್ಕಿಗೆ ಬೇಕಾದ ಜಾಗವನ್ನು, ಸಮಯವನ್ನು ಕೊಡಬೇಕಾದವರು ಯಾರು?

ಜಾಗದ ವಿಷಯದಲ್ಲಿ ತಮಿಳುನಾಡು 2015ರಲ್ಲೇ ಬಸ್ ನಿಲ್ದಾಣಗಳಲ್ಲಿ ಮುನ್ನೂರಕ್ಕೂ ಹೆಚ್ಚು ಹಾಲುಣಿಸುವ ಕೊಠಡಿಗಳನ್ನು ತೆರೆಯಿತು. ನಮ್ಮಲ್ಲೂ ದೊಡ್ಡ ನಿಲ್ದಾಣಗಳಲ್ಲಿ ಅಂತಹ ಕೊಠಡಿಗಳಿವೆ. ನಾನು ಕಂಡ ಒಂದಕ್ಕೆ ಬೀಗವಿತ್ತು. ಕೀಲಿ ಕಂಟ್ರೋಲರ್ ಬಳಿ, ಕಂಟ್ರೋಲರ್ ಊಟಕ್ಕೆ. ಮಗುವಿನ ಹಸಿವು ಕಾಯುವುದಿಲ್ಲವಾದ್ದರಿಂದ ಆ ತಾಯಿ ಬೀಗ ಹಾಕಿದ ಬಾಗಿಲಿಗೇ ಬೆನ್ನು ಕೊಟ್ಟು ಕೂತು ಹಾಲೂಡಿಸಿದಳು. 2025ರ ಫೆಬ್ರುವರಿಯಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಸಾರ್ವಜನಿಕ ಸ್ಥಳಗಳಲ್ಲಿ ಇಂತಹ ಕೊಠಡಿಗಳು ಬೇಕೆಂದು ಹೇಳುತ್ತಲೇ, ಎಲ್ಲರೆದುರು ಹಾಲೂಡಿಸುವುದನ್ನು ಕಳಂಕದಂತೆ ಕಾಣಬಾರದೆಂದೂ ನೆನಪಿಸಿತು. ಈ ಎರಡನೆಯ ಮಾತು ನನಗೆ ಮುಖ್ಯ. ಕೊಠಡಿ ಬೇಕಾದವಳಿಗೆ ಕೊಠಡಿ ಇರಲಿ. ಆದರೆ ಕೊಠಡಿ ಇದೆಯಲ್ಲ, ಇಲ್ಲೇಕೆ ಕೂತೆ ಎಂದು ಬೆಂಚಿನ ಮೇಲಿನವಳನ್ನು ಎಬ್ಬಿಸಲು ಅದು ನೆಪವಾಗಬಾರದು.

ಸಮಯದ ವಿಷಯ ಇನ್ನೂ ಕಠಿಣ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಮೊದಲ ಆರು ತಿಂಗಳು ತಾಯಿಯ ಹಾಲು ಬಿಟ್ಟು ನೀರೂ ಬೇಡ ಎಂದು ನಾವು ಹೇಳುವುದಕ್ಕೂ ಇದಕ್ಕೂ ಲೆಕ್ಕ ಹೊಂದುವಂತೆ ಕಾಣುತ್ತದೆ. ಆದರೆ ಅದರಲ್ಲಿ 8 ವಾರಗಳವರೆಗೆ ಹೆರಿಗೆಗೆ ಮೊದಲೇ ಪಡೆಯಲು ಅವಕಾಶವಿದೆ, ಹಾಗೆ ಪಡೆದವಳು ಮಗುವಿಗೆ ನಾಲ್ಕು ತಿಂಗಳಾದಾಗ ಕೆಲಸಕ್ಕೆ ಹಿಂದಿರುಗಿರುತ್ತಾಳೆ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು 1961ರ ಮೂಲ ಕಾಯ್ದೆಯ ಕಾಲದಿಂದಲೇ ಇದೆ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರವೂ ಇರಬೇಕು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗೆ ಬೆಳಗಿನ ಬಸ್ಸಿನಲ್ಲಿ ನಿಂತು ಬರುವ ತಾಯಿ, ಆ ನೂಕುನುಗ್ಗಲಿನಲ್ಲಿ ಐದು ತಿಂಗಳ ಕೂಸನ್ನು ಹೇಗೆ ತರುತ್ತಾಳೆ? ಮಗು ಮನೆಯಲ್ಲಿ, ತಾಯಿ ಹೊಲಿಗೆ ಯಂತ್ರದ ಮುಂದೆ; ಎರಡು ಬಿಡುವುಗಳು ಕಾಗದದಲ್ಲಿ. ಮನೆಗೆಲಸದವಳಿಗೆ, ಕೃಷಿ ಕೂಲಿಯವಳಿಗೆ ಆ ಕಾಗದವೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಎದೆ ಕಟ್ಟಿ ಕಲ್ಲಾದಾಗ ಶೌಚಾಲಯಕ್ಕೆ ಹೋಗಿ, ಹಾಲನ್ನು ಬೇಸಿನ್ನಿಗೆ ಹಿಂಡಿ, ನಲ್ಲಿ ತಿರುಗಿಸಿ ಬರುವ ಹೆಂಗಸರು ಎಷ್ಟು ಮಂದಿ ಎಂದು ಯಾರೂ ಎಣಿಸಿಲ್ಲ. ಅದೇ ನಗರದ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಿಂದ ಸರ್ಕಾರಿ ಎದೆಹಾಲಿನ ಬ್ಯಾಂಕ್ ಇದೆ. ತಿಂಗಳು ತುಂಬದೆ ಹುಟ್ಟಿದ, ಅಂಗೈಯಷ್ಟೇ ಇರುವ ಮಕ್ಕಳಿಗೆ ಅಲ್ಲಿ ಹನಿ ಹನಿಯೂ ಬೇಕು.

ಕಳೆದ ವರ್ಷ ನನ್ನ ಬಳಿ ಮಗುವಿನ ಲಸಿಕೆಗೆ ಬಂದ ಯುವತಿಯೊಬ್ಬಳು ಕಚೇರಿಯೊಂದರಲ್ಲಿ ಗುಮಾಸ್ತೆ. ಹಾಲನ್ನು ಹಿಂಡಿ ಫ್ರಿಜ್ಜಿನಲ್ಲಿಟ್ಟು ಸಂಜೆ ಮನೆಗೆ ಒಯ್ಯಲು ನಾನು ಹೇಳಿಕೊಟ್ಟಿದ್ದೆ. ಕಚೇರಿಯಲ್ಲಿ ಫ್ರಿಜ್ಜು ಇದೆ, ಅದರಲ್ಲಿ ಟೀಗೆಂದು ನಂದಿನಿ ಪ್ಯಾಕೆಟ್ಟುಗಳಿವೆ, ಸಹೋದ್ಯೋಗಿಗಳ ಊಟದ ಡಬ್ಬಿಗಳಿವೆ. ಎರಡನೆಯ ದಿನ ಹಿರಿಯ ಸಹೋದ್ಯೋಗಿಯೊಬ್ಬರು, ಅವರೂ ಹೆಂಗಸೇ, ‘ಅದನ್ನ ಇಲ್ಲಿ ಇಡಬೇಡಮ್ಮ, ನಾವೆಲ್ಲ ಊಟ ಇಡ್ತೀವಿ’ ಎಂದರಂತೆ. ಮತ್ತೇನು ಮಾಡಿದೆ ಎಂದು ಕೇಳಿದೆ. ಇಡುವುದನ್ನು ಬಿಟ್ಟಿಲ್ಲ ಮೇಡಂ ಎಂದಳು. ಔಷಧಿ ಅಂಗಡಿಯವರು ಪ್ಯಾಡ್ ಸುತ್ತಿಕೊಡುವ ಕಪ್ಪು ಕವರು ಮನೆಯಲ್ಲಿ ಬೇಕಾದಷ್ಟು ಇದ್ದವಂತೆ; ಈಗ ಅದರಲ್ಲಿ ಸುತ್ತಿ, ನಂದಿನಿ ಪ್ಯಾಕೆಟ್ಟುಗಳ ಹಿಂದೆ ಇಡುತ್ತಾಳೆ.